3500 ಅನ್ನೋ ಬೋರ್ಡು, ಅಪ್ಪನ ಎತ್ತಿನ ಗಾಡಿ

ಬ್ಲಾಗಿನ ಕಡೆ ತಲೆ ಹಾಕಿ ತಿಂಗಳುಗಳೇ ಆದವು. ಕೆಲವರು ಮೇಲ್ ಮಾಡಿ "ಎಲ್ರೀ ಮಾಯ ಆಗಿದೀರಾ, ದೋಣಿ ತಗೊಂಡ ಮೇಲೆ ಕೀಬೋರ್ಡು ಮರೆತೇ ಹೋಯ್ತಾ?" ಅಂತ ಕೇಳಿದ್ರು. ಮರೆತಿಲ್ಲ ಮಾರಾಯ್ರೆ. ಹೇಳಬೇಕು ಅಂದುಕೊಂಡಿದ್ದ ವಿಷಯ ಹೇಳೋಕೆ ಸ್ವಲ್ಪ ನಾಚಿಕೆ ಆಗ್ತಿತ್ತು, ಅಷ್ಟೇ. ಈಗ ನಾಚಿಕೆ ಹೋಗಿ ಸಿಟ್ಟು ಉಳಿದಿದೆ. ಸಿಟ್ಟು ಇದ್ದಾಗಲೇ ಬರೆದುಬಿಡಬೇಕು.

ಗೊತ್ತಿಲ್ಲದವರಿಗೆ: ನಾನಿರೋದು ಮೆಲ್ಬರ್ನಿನ ಪಶ್ಚಿಮಕ್ಕೆ, ಟಾರ್ನೀಟಿನಲ್ಲಿ. ಹುಟ್ಟಿದ್ದು ಹೊನ್ನಾಳಿ ಹತ್ತಿರದ ಹಳ್ಳಿ. ಸಮುದ್ರ ಮೊದಲು ನೋಡಿದ್ದು ಹತ್ತನೇ ಕ್ಲಾಸಿನ ಟೂರಿನಲ್ಲಿ, ಅದೂ ಮೇಷ್ಟ್ರು "ನೀರಿಗೆ ಇಳಿದ್ರೆ ಕಾಲು ಮುರೀತೀನಿ" ಅಂತ ದಡದಲ್ಲೇ ನಿಲ್ಲಿಸಿದ್ದರು. ಅಂಥವನಿಗೆ ನಲವತ್ತೆರಡನೇ ವಯಸ್ಸಿಗೆ ದೋಣಿ ಹುಚ್ಚು ಹಿಡೀತು. ಗಂಗೊಳ್ಳಿಯ ಗೆಳೆಯನೊಬ್ಬ ಅರ್ಧ ದುಡ್ಡು ಹಾಕ್ತೀನಿ ಅಂದ. ಪೋರ್ಟ್ ಫಿಲಿಪ್ ಕೊಲ್ಲಿಯಲ್ಲಿ ಸ್ನ್ಯಾಪರ್ ಮೀನಿನ ಸೀಸನ್ನಿಗೆ ಮುಂಚೆ, 2023ರ ಆಗಸ್ಟಿನಲ್ಲಿ ಹೊಸ ಫೋರ್ ವೀಲ್ ಡ್ರೈವ್ ಡಬಲ್ ಕ್ಯಾಬ್ ಬಂತು, ಸೆಪ್ಟೆಂಬರಿನಲ್ಲಿ ದೋಣಿ ಬಂತು.

ಶೋರೂಮಿನ ಗೋಡೆ ತುಂಬಾ ಒಂದು ಪೋಸ್ಟರು. ಗುಡ್ಡದ ಮೇಲೆ ಗಾಡಿ, ಹಿಂದೆ ಅರಮನೆ ಥರದ ದೋಣಿ, ಕೆಳಗೆ ದಪ್ಪಕ್ಷರದಲ್ಲಿ 3500 ಕೆ.ಜಿ. ಮಾರೋ ಹುಡುಗ ಅದರ ಮೇಲೆ ಬೆರಳಿಟ್ಟು "ನಿಮ್ಮ ದೋಣಿ ಎರಡು ಟನ್ನೂ ಇಲ್ಲ, ಹಿಂದೆ ಇದೆ ಅನ್ನೋದೇ ಗೊತ್ತಾಗಲ್ಲ" ಅಂದ. ನನಗೂ ಅಷ್ಟೇ ಬೇಕಿತ್ತು.

ನನ್ನ ಜಗಳ ಈ ಸಂಖ್ಯೆ ಜೊತೆ. ಇದು ಅಪ್ಪಟ ಸುಳ್ಳು ಅಲ್ಲ. ಅಪ್ಪಟ ಸುಳ್ಳಾಗಿದ್ರೆ ಕಂಪನಿ ಮೇಲೆ ಯಾರಾದ್ರೂ ಕೇಸು ಹಾಕಿರೋರು. ಇದು ನಮ್ಮೂರ ಮದುವೆ ದಲ್ಲಾಳಿ ಹೇಳೋ ಥರದ ಸತ್ಯ. "ಹುಡುಗನಿಗೆ ಹತ್ತು ಎಕರೆ ಇದೆ" ಅಂತಾನೆ, ಆರು ಜನ ಅಣ್ತಮ್ಮಂದಿರ ಮಾತು ಎತ್ತೋದೇ ಇಲ್ಲ.

ಅಣ್ತಮ್ಮಂದಿರ ಲೆಕ್ಕ ಹೇಳ್ತೀನಿ, ಸ್ವಲ್ಪ ತಾಳ್ಮೆಯಿಂದ ಓದಿ. ನನ್ನ ಗಾಡಿ ಖಾಲಿ ಇದ್ದಾಗ, ಟ್ಯಾಂಕ್ ತುಂಬಾ ಡೀಸೆಲ್ ಹಾಕಿ, 2250 ಕೆ.ಜಿ. ಜನ, ಸಾಮಾನು ಎಲ್ಲ ಸೇರಿ ಗಾಡಿಯ ತೂಕ 3200 ಮೀರಬಾರದು; ಇದಕ್ಕೆ ಜಿ.ವಿ.ಎಂ. ಅಂತಾರೆ. ಗಾಡಿ ಮತ್ತು ಹಿಂದಿನ ಟ್ರೇಲರ್ ಎರಡೂ ಸೇರಿ 6000 ಮೀರಬಾರದು, ಅದು ಜಿ.ಸಿ.ಎಂ. ಟ್ರೇಲರಿಗೆ ಅದರದ್ದೇ ಒಂದು ಮಿತಿ, ಎ.ಟಿ.ಎಂ. (ದುಡ್ಡು ಬರೋ ಡಬ್ಬ ಅಲ್ಲ, ದುಡ್ಡು ಹೋಗೋದು :-)). ಪೋಸ್ಟರಿನಲ್ಲಿ ಇದ್ದದ್ದು ಮಾತ್ರ 3500. 6000 ಅನ್ನೋದು ಕೈಪಿಡಿಯ ನಾನೂರನೇ ಪುಟದ ಆಚೆ ಎಲ್ಲೋ ಇತ್ತು.

6000ದಿಂದ 3500 ಕಳೀರಿ. 2500. ಅಂದ್ರೆ ಪೋಸ್ಟರಿನ ಭಾರ ಎಳೆಯೋ ದಿನ ನನ್ನ ಗಾಡಿ 2500 ಕೆ.ಜಿ. ಒಳಗಿರಬೇಕು. ಅದರಲ್ಲಿ ಖಾಲಿ ಗಾಡಿಯೇ 2250. ಉಳಿದದ್ದು 250 ಕೆ.ಜಿ. ಇದರಲ್ಲಿ ನಾನು, ಹೆಂಡತಿ, ಇಬ್ಬರು ಮಕ್ಕಳು, ಅವರ ಚೀಲ, ಬುತ್ತಿ ಎಲ್ಲಾ ಬರಬೇಕು. ನಾವು ನಾಲ್ವರೇ 211 ಇದೀವಿ. (ಯಾರೆಷ್ಟು ಅಂತ ಕೇಳಬೇಡಿ, ಮನೆಯಲ್ಲಿ ಈ ಬ್ಲಾಗ್ ಓದ್ತಾರೆ.)

ಇಷ್ಟು ಹೊಸ ಗಾಡಿ ಬರಿಮೈಯಲ್ಲಿದ್ದಾಗಿನ ಲೆಕ್ಕ. ಆದ್ರೆ ಇಲ್ಲಿ ಯಾರ ಗಾಡಿ ಬರಿಮೈಯಲ್ಲಿದೆ ಹೇಳಿ? ಫೋರ್ ವೀಲ್ ಡ್ರೈವ್ ತಗೊಂಡವನು ಶೋರೂಮಿನಿಂದ ಸೀದಾ ಹೋಗೋದು ಆಕ್ಸೆಸರಿ ಅಂಗಡಿಗೆ. ಹೊಸ ಮದುಮಗಳಿಗೆ ಒಡವೆ ತೊಡಿಸಿದ ಹಾಗೆ. ನಾನೂ ಹೋದೆ. ಅಂಗಡಿಯವನು "ಟೂರಿಂಗ್ ಪ್ಯಾಕೇಜ್" ಅಂತ ಒಂದು ಪಟ್ಟಿ ಕೊಟ್ಟ. ಮುಂದೆ ಸ್ಟೀಲಿನ ಬುಲ್ ಬಾರ್ 68 ಕೆ.ಜಿ., ಅದರೊಳಗೆ ವಿಂಚ್ 30, ಹಿಂದೆ ಕ್ಯಾನೊಪಿ 60, ಮೇಲೆ ರ‍್ಯಾಕು ಮತ್ತು ಟೆಂಟು 80, ಒಳಗೆ ಡ್ರಾಯರು 55, ಫ್ರಿಜ್ಜು 30, ಎರಡನೇ ಬ್ಯಾಟರಿ 25, ಟೋ ಬಾರ್ 22. ಒಟ್ಟು 370. ಈ ತೂಕಗಳನ್ನ ಅವನು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಬೆಲೆ ಮಾತ್ರ ಕೇಳಿದೆ, ಕಂತಿನಲ್ಲಿ ಕೊಟ್ಟೆ.

2250ಕ್ಕೆ 370 ಸೇರಿಸಿದ್ರೆ 2620. ಪೋಸ್ಟರಿನ 3500 ಎಳೀಬೇಕಾದ್ರೆ ಗಾಡಿ 2500 ಇರಬೇಕಿತ್ತಲ್ವಾ? ಅಂದ್ರೆ ಬಾಗಿಲು ತೆಗೆದು ನಾನು ಒಳಗೆ ಕೂರೋಕೆ ಮುಂಚೇನೇ 120 ಕೆ.ಜಿ. ಜಾಸ್ತಿ. ಡ್ರೈವರೇ ಇಲ್ಲದೆ!

"ಪೂರ್ತಿ 3500 ಯಾರು ಎಳೀತಾರೆ ಸಾರ್, ನಿಮ್ಮದು ಎರಡು ಟನ್ನಿನ ದೋಣಿ ತಾನೆ" ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ನಾನೂ ಹೀಗೇ ಅಂದುಕೊಂಡಿದ್ದೆ, ಆ ಬೋರ್ಡು ನನಗೆ ಮಾಡಿದ ನಿಜವಾದ ಮೋಸ ಇದೇ. 3500 ಎಳೆಯೋ ಗಾಡಿಗೆ 2000 ಯಾವ ಲೆಕ್ಕ ಅಂದುಕೊಂಡವನು ತೂಕ ಮಾಡಿಸೋಕೆ ಹೋಗಲ್ಲ. ನಾನು ಹೋಗಲಿಲ್ಲ.

*

ಮೆಲ್ಬರ್ನ್ ಕಪ್ ಇಲ್ಲಿ ನವೆಂಬರಿನ ಮೊದಲ ಮಂಗಳವಾರ. ಕುದುರೆ ಓಡೋದಕ್ಕೆ ಸರ್ಕಾರಿ ರಜೆ ಕೊಡೋ ಊರು ಇದು. ಸೋಮವಾರ ಒಂದು ರಜೆ ಹಾಕಿದ್ರೆ ನಾಲ್ಕು ದಿನ. 2023ರಲ್ಲಿ ನಾವು ಆ ನಾಲ್ಕು ದಿನಕ್ಕೆ ಲೇಕ್ಸ್ ಎಂಟ್ರೆನ್ಸಿಗೆ ಹೊರಟೆವು. ಮೆಲ್ಬರ್ನಿನಿಂದ ಪೂರ್ವಕ್ಕೆ ಮುನ್ನೂರು ಕಿ.ಮೀ. ಮೇಲೆ. ಹೊರಡೋ ಹಿಂದಿನ ರಾತ್ರಿ ಎಲ್ಲಾ ತುಂಬಿದೆ. ಗಾಡಿ ತುಂಬಿ ಉಳಿದದ್ದನ್ನ ದೋಣಿಗೆ ತುಂಬಿದೆ. ದೋಣಿಯಲ್ಲಿ ಜಾಗ ಇರೋದು ಹಿಂದೆ, ಇಂಜಿನ್ ಪಕ್ಕದ ಬಯಲಲ್ಲಿ. ಐಸ್ ಪೆಟ್ಟಿಗೆ ಎರಡು, ಪೆಟ್ರೋಲ್ ಕ್ಯಾನು, ನೀರಿನ ಕ್ಯಾನು, ಕುರ್ಚಿ, ಒಲೆ, ಮಕ್ಕಳ ಸೈಕಲ್ಲು. ಗೆಳೆಯ ಬಂದು ನೋಡಿ "ಎಂತ ಆತಿಲ್ಲೆ ಮಾರಾಯ" ಅಂದ. ಏನಾಗುತ್ತೆ?

ವಾರಗಲ್ ಹತ್ತಿರ ಫ್ರೀವೇಯಲ್ಲಿ ಒಂದು ಇಳಿಜಾರು. (ಹೌದು, ಆ ಊರಿನ ಹೆಸರು ಕೇಳಿದಾಗೆಲ್ಲ ನನಗೂ ಕಾಕತೀಯರು ನೆನಪಾಗ್ತಾರೆ.) ಗಂಟೆಗೆ 100ರಲ್ಲಿ ಇದ್ದೆ. ಬಲಗಡೆಯಿಂದ ಒಂದು ದೊಡ್ಡ ಲಾರಿ ದಾಟಿತು. ಅದರ ಗಾಳಿಗೆ ದೋಣಿ ಒಂದು ಸಲ ಎಡಕ್ಕೆ ವಾಲಿತು, ಆಮೇಲೆ ಬಲಕ್ಕೆ. ಮತ್ತೆ ಎಡಕ್ಕೆ, ಈ ಸಲ ಇನ್ನೂ ಜಾಸ್ತಿ. ಕನ್ನಡಿಯಲ್ಲಿ ನೋಡಿದ್ರೆ ದೋಣಿ ನಾಯಿ ಬಾಲದ ಥರ ಆಡ್ತಿದೆ, ಗಾಡಿಯ ಹಿಂಭಾಗ ಅದರ ಜೊತೆ ಹೋಗ್ತಿದೆ. ಸ್ಟೀರಿಂಗ್ ಕೈಯಲ್ಲಿದೆ, ಆದ್ರೆ ಅದಕ್ಕೂ ಚಕ್ರಕ್ಕೂ ಸಂಬಂಧವೇ ಇಲ್ಲ ಅನ್ನಿಸ್ತಿದೆ. ಹೆಂಡತಿ "ರೀ..." ಅಂದಳು, ಆಮೇಲೆ ಏನೂ ಹೇಳಲಿಲ್ಲ. ಮಗಳು ಹಿಂದೆ ನಿದ್ದೆಯಲ್ಲಿದ್ದಳು.

ಬ್ರೇಕ್ ಒತ್ತಬಾರದು ಅಂತ ಎಲ್ಲೋ ಓದಿದ್ದು ಕಾಲಿಗೆ ನೆನಪಿತ್ತೋ ಅಥವಾ ಹೆದರಿಕೆಗೆ ಕಾಲು ಮರಗಟ್ಟಿತ್ತೋ, ಇವತ್ತಿಗೂ ಗೊತ್ತಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗ್ ನೆಟ್ಟಗೆ ಹಿಡಿದುಕೊಂಡು ಕೂತೆ. 80ಕ್ಕೆ ಇಳಿದಾಗ ಓಲಾಟ ಕಮ್ಮಿ ಆಯ್ತು. 60ಕ್ಕೆ ನಿಂತಿತು. ಪಕ್ಕಕ್ಕೆ ಹಾಕಿ ಇಳಿದೆ. ಕಾಲು ನಡುಗ್ತಿತ್ತು, ಬೇಲಿ ಹಿಡಕೊಂಡು ನಿಂತೆ.

ಆವತ್ತು ಸಂಜೆ ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಹೇಳಿದೆ. ಅಪ್ಪ ಟ್ರೇಲರ್ ಎಳೆದವರಲ್ಲ, ಸಮುದ್ರದ ದೋಣಿ ಹತ್ತಿದವರೂ ಅಲ್ಲ. ಎಲ್ಲಾ ಕೇಳಿಸ್ಕೊಂಡು ಒಂದೇ ಪ್ರಶ್ನೆ ಕೇಳಿದ್ರು: "ಹಿಂಭಾರ ತುಂಬಿದ್ಯೇನೋ?"

ನಾನು ಸುಮ್ಮನಾದೆ.

ನಮ್ಮ ಕಣದಲ್ಲಿ ಭತ್ತದ ಚೀಲ ಗಾಡಿಗೆ ಹೇರುವಾಗ ಅಪ್ಪ ಯಾವತ್ತೂ ಮೊದಲು ಮುಂದಕ್ಕೆ ಹಾಕಿಸೋರು. ನಾಲ್ಕು ಚೀಲ ಬಿದ್ದ ಮೇಲೆ ಮೂಕಿ ಹತ್ತಿರ ಬಂದು ಕೈಯಿಂದ ಎತ್ತಿ ನೋಡೋರು. ಹೂವಿನಂಗೆ ಎದ್ರೆ ಹಿಂಭಾರ, ಎತ್ತಿನ ಕೊರಳಿಗೆ ಕಣ್ಣಿ ಸಿಕ್ಕಿ ಉಸಿರು ಕಟ್ಟುತ್ತೆ. ಅಲ್ಲಾಡದೇ ಇದ್ರೆ ಮುಂಭಾರ, ಹೆಗಲು ಹುಣ್ಣಾಗುತ್ತೆ. ಎರಡೂ ಅಲ್ಲದ ಹದ ಕೈಗೆ ಗೊತ್ತಾಗ್ತಿತ್ತು. ಏರು ಹತ್ತುವಾಗ ಭಾರ ಹಿಂದಕ್ಕೆ ಹೋಗುತ್ತೆ ಅಂತ ಅಪ್ಪ ಮುಂದೆ ಮೂಕಿ ಮೇಲೆ ಬಂದು ಕೂರೋರು. ಇದನ್ನ ನಾನು ಹುಡುಗನಾಗಿದ್ದಾಗ ನೂರು ಸಲ ನೋಡಿದೀನಿ. ಎಂಜಿನಿಯರಿಂಗ್ ಓದಿದೀನಿ, ಬಲ, ತಿರುಗುಬಲ ಎಲ್ಲಾ ಪರೀಕ್ಷೆಯಲ್ಲಿ ಬರೆದು ಪಾಸಾಗಿದೀನಿ. ಆದ್ರೆ ಆ ರಾತ್ರಿ ದೋಣಿಗೆ ಸಾಮಾನು ತುಂಬುವಾಗ ಮೂಕಿ ಎತ್ತಿ ನೋಡಬೇಕು ಅಂತ ಹೊಳೀಲಿಲ್ಲ. ಗಾಡಿ 3500 ಎಳೆಯುತ್ತೆ ಅಂತ ಬೋರ್ಡು ಇತ್ತಲ್ಲ.

*

ವಾಪಸು ಬರುವಾಗ ಸಾಮಾನು ಮುಂದಕ್ಕೆ ಹಾಕಿ, ಎಡ ಲೇನಿನಲ್ಲಿ 80 ದಾಟದೆ ಬಂದೆವು. ಮುಂದಿನ ಶನಿವಾರ, ಅದೇ ಸಾಮಾನನ್ನ ಅದೇ ಜಾಗದಲ್ಲಿ ಇಟ್ಟು, ಗೆಳೆಯನೂ ನಾನೂ ವೇಬ್ರಿಡ್ಜಿಗೆ ಹೋದೆವು. ಮೂವತ್ತೈದು ಡಾಲರ್. ಇದಕ್ಕಿಂತ ಅಗ್ಗದ ಬುದ್ಧಿ ನನಗೆ ಜೀವನದಲ್ಲಿ ಸಿಕ್ಕಿಲ್ಲ.

ದೋಣಿಯ ಪುಸ್ತಕದಲ್ಲಿ ದೋಣಿ 820, ಇಂಜಿನ್ 225, ಟ್ರೇಲರ್ 560, ಒಟ್ಟು 1605 ಅಂತ ಇತ್ತು. ಪುಸ್ತಕದ ದೋಣಿಯಲ್ಲಿ ಪೆಟ್ರೋಲ್ ಇರಲ್ಲ, ಬ್ಯಾಟರಿ ಇರಲ್ಲ, ಲಂಗರೂ ಇರಲ್ಲ. ನಮ್ಮದರಲ್ಲಿ ಇತ್ತು: 150 ಲೀಟರ್ ಪೆಟ್ರೋಲ್ 111 ಕೆ.ಜಿ., ಬ್ಯಾಟರಿ 44, ಲಂಗರು ಮತ್ತು ಸರಪಳಿ 35, ತುಂಬಿದ ಐಸ್ ಪೆಟ್ಟಿಗೆ 100, ಮೇಲಿನ ಚಪ್ಪರ ಮತ್ತು ಗಾಳದ ಸ್ಟ್ಯಾಂಡು 70, ಲೈಫ್ ಜಾಕೆಟ್ ಇತ್ಯಾದಿ 30, ಕ್ಯಾನುಗಳು 60, ಕ್ಯಾಂಪಿಂಗ್ ಸಾಮಾನು 85. ವೇಬ್ರಿಡ್ಜಿನ ಚೀಟಿ: 2140.

ಟ್ರೇಲರ್ ಮೇಲೆ ಹೊಡೆದ ತಟ್ಟೆಯಲ್ಲಿ ಎ.ಟಿ.ಎಂ. 1990!

ಈ 1990 ಯಾಕೆ ಗೊತ್ತಾ? ಆಸ್ಟ್ರೇಲಿಯಾದ ನಿಯಮದಲ್ಲಿ 750 ಕೆ.ಜಿ.ವರೆಗಿನ ಟ್ರೇಲರಿಗೆ ಬ್ರೇಕೇ ಬೇಡ. 2000ದವರೆಗೆ ಒಂದು ಆಕ್ಸಲಿನ ಎರಡು ಚಕ್ರಕ್ಕೆ ಬ್ರೇಕ್ ಇದ್ರೆ ಸಾಕು, ಗಾಡಿ ನಿಧಾನ ಆದಾಗ ಹಿಂದಿನ ಟ್ರೇಲರ್ ಮುಂದಕ್ಕೆ ನೂಕಿ ತಾನಾಗೇ ಹಿಡಿಯೋ ಓವರ್‌ರೈಡ್ ಬ್ರೇಕೂ ನಡೆಯುತ್ತೆ. 2000 ದಾಟಿದ್ರೆ ಎಲ್ಲಾ ಚಕ್ರಕ್ಕೂ ಬ್ರೇಕ್ ಬೇಕು, ಅದರ ಮೇಲೆ ಟ್ರೇಲರ್ ಕಳಚಿಕೊಂಡು ಹೋದ್ರೆ ತಾನೇ ಹಿಡಿದು ಕನಿಷ್ಠ 15 ನಿಮಿಷ ಹಿಡಿದೇ ಇರೋ ಬ್ರೇಕ್‌ಅವೇ ಬೇಕು. ಅದಕ್ಕೆಲ್ಲ ದುಡ್ಡು. ಹಾಗಾಗಿ ಮಾರೋರು ತಟ್ಟೆ ಮೇಲೆ 1990, 1999 ಅಂತ ಹೊಡೀತಾರೆ. ಬಾಟಾ ಅಂಗಡಿಯ ಚಪ್ಪಲಿ ಬೆಲೆ ಇದ್ದಂಗೆ! ಚಪ್ಪಲಿಯಲ್ಲಾದ್ರೆ ಐದು ಪೈಸೆ ಉಳೀತು ಅಂತ ನಗಬಹುದು. ಇಲ್ಲಿ ಉಳಿಸಿದ್ದು ಎರಡು ಚಕ್ರದ ಬ್ರೇಕು. ಎರಡು ಆಕ್ಸಲ್, ಆರು ಮೀಟರಿನ ದೋಣಿ, ದೊಡ್ಡ ಇಂಜಿನ್, 150 ಲೀಟರ್ ಟ್ಯಾಂಕು. ಇದಕ್ಕೆ ಮೀನು ಹಿಡಿಯೋ ಸಾಮಾನು ತುಂಬಿದ್ರೆ ಮಿತಿಯ ಹತ್ತಿರ ಹತ್ತಿರ ಬರುತ್ತೆ, ಸಂಸಾರದ ಸಾಮಾನು ತುಂಬಿದ್ರೆ ದಾಟುತ್ತೆ ಅಂತ ಮಾರೋನಿಗೆ ಗೊತ್ತಿಲ್ವಾ? ಅಪಘಾತ ಆದ್ರೆ ತಟ್ಟೆ ಅವನ ಪರ ಸಾಕ್ಷಿ ಹೇಳುತ್ತೆ, ನನ್ನ ಪರ ಅಲ್ಲ. ನನ್ನ ಇನ್ಶೂರೆನ್ಸ್ ಪಾಲಿಸಿಯಲ್ಲಿ ತಯಾರಕರ ಮಿತಿ ಮೀರಿದ ಭಾರ ಇದ್ರೆ ಪರಿಹಾರ ನಿರಾಕರಿಸಬಹುದು ಅಂತ ಒಂದು ಸಾಲಿದೆ. ಅದನ್ನ ಓದಿದ್ದೂ ಆಮೇಲೆಯೇ.

ಇನ್ನು ಮೂಕಿ ಭಾರ. ಇಲ್ಲಿ ಅದಕ್ಕೆ ಟೋ ಬಾಲ್ ಡೌನ್‌ಲೋಡ್ ಅಂತಾರೆ, ಗಾಡಿ ಹಿಂದಿನ 50 ಮಿ.ಮೀ. ಗುಂಡಿನ ಮೇಲೆ ಟ್ರೇಲರಿನ ಮೂತಿ ಎಷ್ಟು ಭಾರ ಬಿಡುತ್ತೆ ಅನ್ನೋದು. ಒಟ್ಟು ತೂಕದ ಶೇ. 10ರ ಸುಮಾರು ಇರಲಿ ಅಂತಾರೆ, ದೋಣಿಗೆ ಇಂಜಿನ್ ಹಿಂದಿರೋದ್ರಿಂದ ಸ್ವಲ್ಪ ಕಮ್ಮಿ ಇರೋದುಂಟು. ನಮ್ಮದು 60 ಕೆ.ಜಿ. ಶೇ. 3ಕ್ಕೂ ಕಮ್ಮಿ. ಅಪ್ಪ ಒಂಬತ್ತು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದಿಂದ ಫೋನಿನಲ್ಲಿ ತೂಗಿದ್ದನ್ನ ನಾವು ಯಂತ್ರದಲ್ಲಿ ತೂಗಿ ಖಾತ್ರಿ ಮಾಡ್ಕೊಂಡೆವು.

ಮುಂಭಾರ ಜಾಸ್ತಿ ಆದ್ರೆ ಒಳ್ಳೇದಾ? ಅದೂ ಅಲ್ಲ. 3500ರ ಶೇ. 10 ಅಂದ್ರೆ 350 ಕೆ.ಜಿ. ಆ ಗುಂಡು ಇರೋದು ಹಿಂದಿನ ಆಕ್ಸಲಿಗಿಂತ 1.2 ಮೀಟರ್ ಹಿಂದೆ, ಎರಡು ಆಕ್ಸಲಿನ ನಡುವಿನ ದೂರ 3.2 ಮೀಟರ್ ಅಂತ ಇಟ್ಕೊಳ್ಳಿ. ಸೀಸಾ ಆಟ ನೆನಪು ಮಾಡ್ಕೊಳ್ಳಿ. ಹಿಂದಿನ ಆಕ್ಸಲಿಗೆ ಬೀಳೋದು 350 ಅಲ್ಲ, 481. ಮುಂದಿನ ಚಕ್ರದಿಂದ 131 ಕೆ.ಜಿ. ಎದ್ದು ಹೋಗುತ್ತೆ. ಸ್ಟೀರಿಂಗೂ, ಬ್ರೇಕಿನ ದೊಡ್ಡ ಪಾಲೂ ಇರೋದು ಆ ಮುಂದಿನ ಚಕ್ರದಲ್ಲೇ. ಇದನ್ನ ಹೇಳಿದ್ರೆ ಒಬ್ಬ ಮಹಾಶಯರು "ಅದಕ್ಕೇ ತಾನೇ ಮುಂದೆ ಬುಲ್ ಬಾರ್ ಹಾಕೋದು" ಅಂದ್ರು. ಕೈ ಮುಗಿದೆ.

ಹಿಂದೆ ಕುಸಿದ ಗಾಡಿಗೆ ಅಂಗಡಿಯವರ ಹತ್ತಿರ ಒಂದು ಮದ್ದಿದೆ. ಸ್ಪ್ರಿಂಗಿನ ನಡುವೆ ಏರ್‌ಬ್ಯಾಗ್ ಹಾಕಿ ಗಾಳಿ ತುಂಬೋದು. ಗಾಡಿ ನೆಟ್ಟಗೆ ನಿಲ್ಲುತ್ತೆ, ನೋಡೋಕೆ ಚೆಂದ. ತೂಕ ಒಂದು ಗ್ರಾಮೂ ಇಳಿದಿರಲ್ಲ, ಮಿತಿ ಒಂದು ಗ್ರಾಮೂ ಏರಿರಲ್ಲ. ಜ್ವರಕ್ಕೆ ಥರ್ಮಾಮೀಟರ್ ಒಡೆದು ಹಾಕಿದ ಹಾಗೆ. ಆ ಭಾರವನ್ನೆಲ್ಲ ಚಾಸಿಯ ಒಂದೇ ಜಾಗಕ್ಕೆ ಒತ್ತಿಸಿ, ಹೊಂಡದಲ್ಲಿ ಕುಕ್ಕಿಸಿದ್ರೆ ಡಬಲ್ ಕ್ಯಾಬಿನ ಚಾಸಿ ಬಾಗಿಹೋಗುತ್ತೆ. ಕ್ಯಾಬಿಗೂ ಹಿಂದಿನ ತೊಟ್ಟಿಗೂ ನಡುವೆ ಬಾಯಿ ಬಿಟ್ಟ ಗಾಡಿಗಳ ಫೋಟೋ ನೀವೂ ನೋಡಿರ್ತೀರಿ.

ನಿಜವಾಗಿ ಜಿ.ವಿ.ಎಂ. ಏರಿಸಲೇಬೇಕು ಅಂದ್ರೆ ಅದಕ್ಕೆ ದಾರಿ ಇದೆ, ಪ್ರಮಾಣಪತ್ರದ ಸಮೇತ ಸಸ್ಪೆನ್ಷನ್ ಬದಲಿಸಿ ಹೊಸ ತಟ್ಟೆ ಹೊಡೆಸೋದು. ಹೊಸ ಗಾಡಿ ತಗೊಳ್ಳೋರು ಇದನ್ನ ಮೊದಲ ರಿಜಿಸ್ಟ್ರೇಷನ್ನಿಗೆ ಮುಂಚೆಯೇ ಮಾಡಿಸಿದ್ರೆ ದೇಶದೆಲ್ಲೆಡೆ ನಡೆಯುತ್ತೆ, ಆಮೇಲೆ ಮಾಡಿಸಿದ್ರೆ ಆಯಾ ರಾಜ್ಯದ ನಿಯಮ ನೋಡಬೇಕು. ಶೋರೂಮಿನ ಹುಡುಗ ಇದನ್ನ ಹೇಳಿದ್ನಾ? ಕಾರ್ಪೆಟ್ಟಿನ ಬಣ್ಣ ಯಾವುದು ಬೇಕು ಅಂತ ಮೂರು ಸಲ ಕೇಳಿದ. ಇಲ್ಲೂ ಒಂದು ಕಣ್ಕಟ್ಟಿದೆ. ಜಿ.ವಿ.ಎಂ. ಏರಿಸಿ ಜಿ.ಸಿ.ಎಂ. ಹಾಗೇ ಬಿಟ್ರೆ, ಗಾಡಿಗೆ ಹೆಚ್ಚಿಗೆ ಹಾಕಿದ ಒಂದೊಂದು ಕಿಲೋವೂ ಟ್ರೇಲರಿನ ಪಾಲಿನಿಂದ ಕಿತ್ತುಕೊಂಡದ್ದೇ.

ನನ್ನ ತಪ್ಪೂ ಒಂದು ಹೇಳಿಬಿಡ್ತೀನಿ, ಬರೀ ಬೇರೆಯವರನ್ನ ಬೈದ್ರೆ ಚೆನ್ನಾಗಿರಲ್ಲ. ಟ್ರೇಲರಿಗೆ ಕರೆಂಟು ಕೊಡೋ ವೈರಿಂಗು ಕಂಪನಿಯದ್ದು ದುಬಾರಿ ಅಂತ ಬಿಟ್ಟು, ಹೊರಗಡೆ ಅಗ್ಗದ್ದು ಹಾಕಿಸಿದೆ. ದೀಪ ಎಲ್ಲಾ ಹತ್ತಿದವು, ಖುಷಿಪಟ್ಟೆ. ಆದ್ರೆ ಹಿಂದೆ ಟ್ರೇಲರ್ ಇದೆ ಅಂತ ಗಾಡಿಯ ಕಂಪ್ಯೂಟರಿಗೆ ಗೊತ್ತಾಗೋದು ಸರಿಯಾದ ವೈರಿಂಗಿನಿಂದ. ಗೊತ್ತಾದ್ರೆ ಮಾತ್ರ ನನ್ನ ಗಾಡಿಯಲ್ಲಿ ಓಲಾಟ ತಡೆಯೋ ವ್ಯವಸ್ಥೆ ಎಚ್ಚರ ಆಗೋದು. ವಾರಗಲ್ಲಿನ ಇಳಿಜಾರಿನಲ್ಲಿ ಅದು ಹಾಯಾಗಿ ಮಲಗಿತ್ತು. ನಾಲ್ಕುನೂರು ಡಾಲರ್ ಉಳಿಸಿದ್ದೆ. ಹಿಮ್ಮುಖ ಹೋಗುವಾಗ ಸೆನ್ಸರು ಟ್ರೇಲರನ್ನೇ ಗೋಡೆ ಅಂದುಕೊಂಡು ಕಿರುಚ್ತಿತ್ತಲ್ಲ, ಆಗಲೇ ಗೊತ್ತಾಗಬೇಕಿತ್ತು.

*

ಹಾಗಾದ್ರೆ ದೋಣಿಗೆ ಫೋರ್ ವೀಲ್ ಡ್ರೈವ್ ಯಾಕೆ ಬೇಕು? ಬೇಕು ಸ್ವಾಮಿ, ಪೋಸ್ಟರಿನ ಗುಡ್ಡಕ್ಕಲ್ಲ. ಬೇಕಾಗೋದು ರ‍್ಯಾಂಪಿನ ಕೊನೆಯ ಹತ್ತು ಮೀಟರಿಗೆ. ಇಳಿತ ಇದ್ದಾಗ ನೀರು ಹಿಂದಕ್ಕೆ ಹೋಗಿ ಪಾಚಿ ಕಟ್ಟಿದ ಕಾಂಕ್ರೀಟು ಮೇಲೆ ಬರುತ್ತೆ, ನಮ್ಮೂರ ಬಾವಿಕಟ್ಟೆ ಮಳೆಗಾಲದಲ್ಲಿ ಇದ್ದ ಹಾಗೆ. ಹಿಂದೆ ಎರಡು ಟನ್, ಹಿಂದಿನ ಚಕ್ರ ಪಾಚಿ ಮೇಲೆ. ಟೂ ವೀಲಿನಲ್ಲಿ ಚಕ್ರ ಸುಮ್ಮನೆ ಸುತ್ತುತ್ತೆ, ಗಾಡಿ ನಿಧಾನಕ್ಕೆ ಸಮುದ್ರದ ಕಡೆ ಜಾರುತ್ತೆ. ಲೋ ರೇಂಜಿಗೆ ಹಾಕಿ ಆಕ್ಸಿಲರೇಟರ್ ಮುಟ್ಟಿದ್ರೆ ಆನೆ ನಡೆದ ಹಾಗೆ ಮೇಲೆ ಬರುತ್ತೆ. ಇದಕ್ಕೆ ವಿಂಚು ಬೇಡ, ಛಾವಣಿ ಮೇಲಿನ ಟೆಂಟು ಬೇಡ, ಒಳ್ಳೆ ಟೈರು ಬೇಕು. ಮೇಲೆ ಒಣ ಡಾಂಬರಿಗೆ ಬಂದ ತಕ್ಷಣ ಟೂ ವೀಲಿಗೆ ಹಾಕೋದು ಮರೀಬೇಡಿ, ಒಣ ನೆಲದಲ್ಲಿ ಹಾಗೇ ತಿರುಗಿಸಿದ್ರೆ ಗೇರುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ.

ರ‍್ಯಾಂಪಿಗೆ ಬಂದ ಕೂಡಲೇ ನೀರಿಗೆ ಇಳಿಸೋದು ಇನ್ನೊಂದು ಚಾಳಿ. ಓಡಿ ಬಂದ ಟ್ರೇಲರಿನ ಬೇರಿಂಗು ಬಿಸಿ ಇರುತ್ತೆ. ಬಿಸಿ ಹಬ್ಬು ತಣ್ಣನೆ ಉಪ್ಪುನೀರಿಗೆ ಮುಳುಗಿದ್ರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರನ್ನ ಒಳಕ್ಕೆ ಎಳ್ಕೊಳ್ಳುತ್ತೆ. ಮೂರು ತಿಂಗಳಲ್ಲಿ ಗ್ರೀಸು ಹಾಲಿನ ಬಣ್ಣಕ್ಕೆ ಬಂದಿರುತ್ತೆ. ಕಾಲು ಗಂಟೆ ಕಾಯಿರಿ, ದೀಪದ ಪ್ಲಗ್ಗು ತೆಗೀರಿ, ಥರ್ಮಾಸಿನಿಂದ ಕಾಫಿ ಕುಡೀರಿ.

ನಾವು ಆಮೇಲೆ ಮಾಡಿದ್ದೇನು ಅಂದ್ರೆ, ಟೆಂಟು ಮತ್ತು ಡ್ರಾಯರು ಮಾರಿದೆವು, ಕೊಂಡ ಬೆಲೆಯ ಅರ್ಧಕ್ಕೆ. ಟ್ರೇಲರನ್ನ ಬಲ್ಲವರ ಹತ್ತಿರ ಒಯ್ದು ನಾಲ್ಕೂ ಚಕ್ರಕ್ಕೆ ಬ್ರೇಕು, ಬ್ರೇಕ್‌ಅವೇ ಎಲ್ಲಾ ಹಾಕಿಸಿ, ಆಕ್ಸಲ್ ತಡೆಯುತ್ತೆ ಅಂತ ಖಾತ್ರಿ ಮಾಡಿಸಿ, ತಟ್ಟೆ ಬದಲಿಸಿದೆವು. ಮುಂದಿನ ವಿಂಚ್ ಕಂಬ ಸರಿಸಿ ದೋಣಿಯನ್ನೇ ಒಂದು ಗೇಣು ಮುಂದಕ್ಕೆ ತಂದೆವು. ಐಸ್ ಪೆಟ್ಟಿಗೆ ಈಗ ಖಾಲಿ ಹೋಗುತ್ತೆ, ಐಸು ರ‍್ಯಾಂಪಿನ ಹತ್ತಿರದ ಅಂಗಡಿಯಲ್ಲಿ. ಮೂಕಿ ಭಾರ 170ರ ಹತ್ತಿರ ಇದೆ. ವೈರಿಂಗು ಕಂಪನಿಯದ್ದೇ ಹಾಕಿಸಿದೆ, ಅಗ್ಗದ್ದಕ್ಕೆ ಕೊಟ್ಟ ದುಡ್ಡು ಸಮುದ್ರಕ್ಕೆ ಹೋಯ್ತು. ಎಲ್ಲಾ ಸೇರಿ ಎಷ್ಟಾಯ್ತು ಅಂತ ಇಲ್ಲಿ ಬರೆಯೋ ಧೈರ್ಯ ಇಲ್ಲ.

ಮೊನ್ನೆ ಒಂದು ಮನೆಯ ಊಟದಲ್ಲಿ ಇದನ್ನೆಲ್ಲ ಹೇಳ್ತಿದ್ದೆ. ಒಬ್ಬರು ಹೋಳಿಗೆ ಮುರೀತಾ "ಅಯ್ಯೋ ಏನಾಗಲ್ಲ ಬಿಡ್ರಿ, ನಮ್ಮ ಬಳ್ಳಾರಿ ಕಡೆ ಅದಿರು ಲಾರಿಗಳು ಡಬಲ್ ಲೋಡು ಹಾಕಿ ಓಡಲಿಲ್ವಾ?" ಅಂದ್ರು. ಓಡಿದವು. 2000ದ ದಶಕದಲ್ಲಿ ಆ ರಸ್ತೆಗಳಲ್ಲಿ ಬಸ್ಸಿನಲ್ಲಿ ಕೂತು ಹೋದವನು ನಾನು. ಓಡಿದ ಲಾರಿಗಳ ಲೆಕ್ಕ ಕೊಡೋರು ಪಲ್ಟಿ ಹೊಡೆದವುಗಳ ಲೆಕ್ಕ, ಅವುಗಳ ಕೆಳಗೆ ಸಿಕ್ಕ ಬೈಕುಗಳ ಲೆಕ್ಕ ಯಾಕೆ ಕೊಡಲ್ಲ? ಅವರಿಗೆ ಅಷ್ಟು ಜೋರಾಗಿ ಹೇಳಬಾರದಿತ್ತು, ಊಟದ ಮನೆ. ಆದ್ರೆ ಅವರ ಹೊಸ ಗಾಡಿ ಹೊರಗೆ ನಿಂತಿತ್ತು, ಬುಲ್ ಬಾರ್ ಮೇಲಿನ ಪ್ಲಾಸ್ಟಿಕ್ಕು ಇನ್ನೂ ಕಿತ್ತಿರಲಿಲ್ಲ. ಮುಂದಿನ ತಿಂಗಳು ದೋಣಿ ಬರುತ್ತಂತೆ. ಮಕ್ಕಳು ಮೂವರು.

ಅವರ ಮನೆಯವರು ಮಾತ್ರ ಕೈ ತೊಳೆಯೋಕೆ ಎದ್ದಾಗ ಹತ್ತಿರ ಬಂದು "ಆ ತೂಕ ಹಾಕಿಸೋ ಜಾಗ ಎಲ್ಲಿದೆ ಅಣ್ಣಾ?" ಅಂತ ಮೆಲ್ಲಗೆ ಕೇಳಿದ್ರು. ಶನಿವಾರ ಬೆಳಿಗ್ಗೆ ಎಂಟಕ್ಕೆ ಒಟ್ಟಿಗೆ ಹೋಗೋಣ ಅಂತ ಹೇಳಿದೀನಿ. ಮೆಲ್ಬರ್ನಿನ ಪಶ್ಚಿಮದಲ್ಲಿರೋರು, ಗಾಡಿ ಹಿಂದೆ ಏನಾದ್ರೂ ಕಟ್ಟಿಕೊಂಡು ಓಡಾಡೋರು, ಬರೋದಿದ್ರೆ ಕೆಳಗೆ ಕಾಮೆಂಟು ಹಾಕಿ. ಸಂಸಾರ, ಸಾಮಾನು, ಡೀಸೆಲ್ ಎಲ್ಲಾ ತುಂಬಿಕೊಂಡೇ ಬನ್ನಿ. ಕಾಫಿ ನನ್ನದು.

ಕೊಸರು: ಲೇಕ್ಸ್ ಎಂಟ್ರೆನ್ಸಿನಲ್ಲಿ ಆ ನಾಲ್ಕು ದಿನ ಮೀನು ಎಷ್ಟು ಸಿಕ್ಕಿತು ಅಂತ ಕೇಳೋರಿಗೆ: ಒಂದು. ಅದೂ ಅಳತೆಗೆ ಚಿಕ್ಕದಿತ್ತು, ವಾಪಸು ಬಿಟ್ಟೆವು.